ನೀಲಿ ಟೋಪಿಯ ಜಮಾಖರ್ಚು

1953ರ ಸೆಪ್ಟೆಂಬರಿನಲ್ಲಿ ಇಂಚಾನ್ ಬಂದರಿಗೆ ತಲುಪಿದ ಭಾರತೀಯ ಸೈನಿಕರು ದಕ್ಷಿಣ ಕೊರಿಯಾದ ನೆಲವನ್ನು ಮೆಟ್ಟುವ ಹಾಗಿರಲಿಲ್ಲ. ಅಲ್ಲಿನ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ತಟಸ್ಥ ನೀತಿಯನ್ನು ನಂಬಿರಲಿಲ್ಲ. ಭಾರತೀಯರೆಂದರೆ ಕಮ್ಯುನಿಸ್ಟರ ಕಡೆಯವರು ಎಂದೇ ಅವರ ಎಣಿಕೆ. ಹಾಗಾಗಿ ಅಮೆರಿಕದ ಹೆಲಿಕಾಪ್ಟರುಗಳು ಈ ಸೈನಿಕರನ್ನು ತಂಡ ತಂಡವಾಗಿ ಎತ್ತಿಕೊಂಡು ಹೋಗಿ, ಎರಡು ಸೇನೆಗಳ ನಡುವಿನ ಸೇನಾರಹಿತ ಪಟ್ಟಿಯಲ್ಲಿ ಇಳಿಸಿದವು. ಐದು ಸಾವಿರಕ್ಕೂ ಮಿಕ್ಕಿದ ಆ ಪಡೆ ತಾನು ಬೀಡುಬಿಟ್ಟ ಜಾಗಕ್ಕೆ ಹಿಂದ್ ನಗರ ಎಂದು ಹೆಸರಿಟ್ಟುಕೊಂಡಿತು. ಯಾರ ಜಗಳವನ್ನು ತಣಿಸಲು ಹೋದರೋ ಅವರಲ್ಲೇ ಒಬ್ಬರು ಬಾಗಿಲು ಹಾಕಿಕೊಂಡಿದ್ದರು. ಪರದೇಶದ ಶಾಂತಿ ಕಾಯಲು ಹೋಗುವ ದೇಶಕ್ಕೆ ಏನು ದಕ್ಕುತ್ತದೆ, ಏನು ಕಳೆಯುತ್ತದೆ ಎಂಬ ಪ್ರಶ್ನೆ ಭಾರತಕ್ಕೆ ಎದುರಾದದ್ದು ಹೀಗೆ.

ಭಾರತೀಯರು ಕೊರಿಯಾಕ್ಕೆ ಹೋದದ್ದು ಅದೇ ಮೊದಲಲ್ಲ. 1950ರ ನವೆಂಬರಿನಲ್ಲೇ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದಲ್ಲಿ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಅಲ್ಲಿಗೆ ತಲುಪಿತ್ತು. ಯುದ್ಧ ನಡೆಯುತ್ತಿದ್ದ ಕಾಲ. ಭಾರತ ಬಂದೂಕು ಕಳಿಸಲಿಲ್ಲ, ಸುಮಾರು 350 ಮಂದಿಯ ವೈದ್ಯಕೀಯ ತುಕಡಿಯನ್ನು ಕಳಿಸಿತು. ಚೀನೀ ಪಡೆಗಳು ನುಗ್ಗಿ ಬಂದು ವಿಶ್ವಸಂಸ್ಥೆಯ ಸೇನೆ ಪ್ಯೊಂಗ್‌ಯಾಂಗ್ ಬಿಟ್ಟು ಓಡುವಾಗ, ಸಲಕರಣೆಗಳನ್ನು ಅಲ್ಲೇ ಬಿಟ್ಟು ಹೊರಡಿ ಎಂಬ ಸೂಚನೆ ಬಂತು. ಶಸ್ತ್ರಕ್ರಿಯೆಯ ಉಪಕರಣಗಳೇ ಇಲ್ಲದ ಮೇಲೆ ವೈದ್ಯರು ಇದ್ದು ಏನು ಮಾಡುವುದು? ತುಕಡಿಯವರು ನಿಲ್ದಾಣದಲ್ಲಿ ಉಳಿದಿದ್ದ ಒಂದು ಉಗಿಬಂಡಿಯನ್ನು ಹುಡುಕಿದರು. ಎಂಜಿನ್ ನಡೆಸಬಲ್ಲವರು ಅವರೊಳಗೇ ಇದ್ದರು. ನೀರು ತುಂಬಿ, ಬೆಂಕಿ ಹಾಕಿ, ಸಾಮಾನು ಏರಿಸಿಕೊಂಡು ಹೊರಟ ಆ ಬಂಡಿ ದಾಟಿದ ಸ್ವಲ್ಪ ಹೊತ್ತಿಗೆ ಹಿಂದಿದ್ದ ಸೇತುವೆಯನ್ನು ಸಿಡಿಸಲಾಯಿತು. ಆ ಸಾಮಾನು ಉಳಿದದ್ದರಿಂದಲೇ ಮುಂದಿನ ಮೂರು ವರ್ಷ ಆ ತುಕಡಿ ಸೈನಿಕರಿಗೂ ಊರಿನವರಿಗೂ ಚಿಕಿತ್ಸೆ ಕೊಟ್ಟಿತು. ಕೊರಿಯಾದಲ್ಲಿ ಭಾರತದ ಹೆಸರಿಗೆ ಇಂದಿಗೂ ಇರುವ ಗೌರವದಲ್ಲಿ ದೊಡ್ಡ ಪಾಲು ಈ ವೈದ್ಯರದು.

ಕದನವಿರಾಮದ ನಂತರದ ಕೆಲಸ ಇದಕ್ಕಿಂತ ಜಟಿಲ. ಊರಿಗೆ ಮರಳಲು ಒಲ್ಲೆನೆಂದ ಯುದ್ಧಕೈದಿಗಳ ಹಣೆಬರಹ ತೀರ್ಮಾನಿಸಲು ತಟಸ್ಥ ರಾಷ್ಟ್ರಗಳ ಆಯೋಗವೊಂದು ಏರ್ಪಟ್ಟಿತು. ಅದರಲ್ಲಿ ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವೆ ಅಧ್ಯಕ್ಷ ಸ್ಥಾನದಲ್ಲಿ ಭಾರತದ ಪರವಾಗಿ ಕೂತವರು ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕಾವಲು ಪಡೆಯ ಮುಖ್ಯಸ್ಥರು ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟ್. ಇಬ್ಬರೂ ಬ್ರಿಟಿಷರ ಕಾಲದಲ್ಲಿ ತರಬೇತಿ ಪಡೆದು ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳಲ್ಲಿ ಕಾದಿದವರು. ಆ ಅನುಭವದಲ್ಲಿ ಯಾವುದೂ ಇಲ್ಲಿ ಪೂರ್ತಿ ನೆರವಿಗೆ ಬರುವಂಥದಾಗಿರಲಿಲ್ಲ. ವಿಶ್ವಸಂಸ್ಥೆಯ ಕಡೆಯಿಂದ 22,600ಕ್ಕೂ ಹೆಚ್ಚು ಚೀನೀ ಮತ್ತು ಕೊರಿಯನ್ ಕೈದಿಗಳು ಅವರ ವಶಕ್ಕೆ ಬಂದರು. ಉತ್ತರದ ಕಡೆಯಿಂದ ಬಂದವರು 359. ಪ್ರತಿಯೊಬ್ಬ ಕೈದಿಗೂ ಅವನ ದೇಶದ ಪ್ರತಿನಿಧಿ ತೊಂಬತ್ತು ದಿನಗಳೊಳಗೆ ತಿಳಿಹೇಳಬೇಕು, ಆಮೇಲೆ ಅವನು ತನ್ನ ಇಷ್ಟ ಹೇಳಬೇಕು ಎಂಬುದು ಕರಾರು. ಕಾಗದದಲ್ಲಿ ನೇರವಾಗಿ ಕಂಡ ಈ ಕರಾರು ಶಿಬಿರದಲ್ಲಿ ಸಿಕ್ಕುಬಿತ್ತು. ಕೈದಿಗಳ ನಡುವೆಯೇ ಬಿಗಿ ಗುಂಪುಗಳಿದ್ದವು. ಮರಳಿ ಹೋಗುತ್ತೇನೆಂದು ಬಾಯಿಬಿಟ್ಟವನ ಜೀವ ರಾತ್ರಿ ಕಳೆದು ಉಳಿಯುತ್ತದೆಂಬ ಭರವಸೆ ಇರಲಿಲ್ಲ. ತೊಂಬತ್ತು ದಿನಗಳಲ್ಲಿ ತಿಳಿಹೇಳುವ ಕೆಲಸ ನಡೆದದ್ದು ಹತ್ತು ದಿನಗಳಷ್ಟೇ.

ಬಂದಿಳಿದ ಸೆಪ್ಟೆಂಬರಿನಲ್ಲೇ ಕೈದಿಗಳು ಒಬ್ಬ ಭಾರತೀಯ ಮೇಜರ್‌ನನ್ನು ಬೇಲಿಯ ಒಳಗೆ ಎಳೆದುಕೊಂಡು ಹೋದರು. ಕಾವಲಿನವರು ಗುಂಡು ಹಾರಿಸಿದ್ದರೆ ನೂರಾರು ಹೆಣ ಬೀಳುತ್ತಿದ್ದವು, ಮೊದಲು ಬೀಳುವುದು ಆ ಮೇಜರ್‌ನದೇ. ಥೋರಾಟ್ ಬೆರಳೆಣಿಕೆಯ ಜನರೊಂದಿಗೆ ಕೂಗಾಡುತ್ತಿದ್ದ ಆ ಗುಂಪಿನ ನಡುವೆ ತಾವೇ ನಡೆದು ಹೋದರು, ಮಾತಾಡಿ ತಮ್ಮ ಅಧಿಕಾರಿಯನ್ನು ಬಿಡಿಸಿಕೊಂಡು ಬಂದರು. ಎಲ್ಲ ದಿನವೂ ಹೀಗೇ ಮುಗಿಯಲಿಲ್ಲ. ಬೇಲಿ ಮುರಿಯಲು ಬಂದವರ ಮೇಲೆ ಗುಂಡು ಹಾರಿಸಬೇಕಾಗಿ ಬಂದು ಕೆಲವು ಕೈದಿಗಳು ಸತ್ತರು. ಶಾಂತಿಪಾಲನೆ ಎಂದರೆ ಕೈಯಲ್ಲಿ ಬಂದೂಕು ಹಿಡಿದೂ ಅದನ್ನು ಬಳಸದಿರುವ ಕಲೆ. ಯುದ್ಧ ಕಲಿತ ಸಿಪಾಯಿಗೆ ಯುದ್ಧಕ್ಕಿಂತ ಕಷ್ಟವಾದ ಪಾಠ ಅದು. ಭಾರತೀಯ ಸೇನೆ ಆ ಪಾಠವನ್ನು ಕಲಿತದ್ದು ಹಿಂದ್ ನಗರದಲ್ಲಿ.

1954ರ ಜನವರಿಯಲ್ಲಿ ಅವಧಿ ಮುಗಿದಾಗ ಬಹುಪಾಲು ಕೈದಿಗಳನ್ನು ಅವರನ್ನು ಒಪ್ಪಿಸಿದ ಕಡೆಗೇ ಮರಳಿಸಲಾಯಿತು. ಎರಡೂ ಕಡೆಯವರು ಭಾರತವನ್ನು ದೂರಿದರು. ಒಬ್ಬರಿಗೆ ತಿಮ್ಮಯ್ಯ ಕಠಿಣರಾಗಿ ಕಂಡರು, ಇನ್ನೊಬ್ಬರಿಗೆ ಸಡಿಲವಾಗಿ. ಎರಡೂ ಕಡೆ ಬೇಡವೆಂದ ಎಂಬತ್ತಕ್ಕೂ ಹೆಚ್ಚು ಮಂದಿ ಭಾರತೀಯ ಪಡೆಯ ಜೊತೆಗೇ ಭಾರತಕ್ಕೆ ಬಂದರು. ಅವರಲ್ಲಿ ಹಲವರು ಆಮೇಲೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋಗಿ ನೆಲೆನಿಂತರು. ಕೊರಿಯಾದ ಲೇಖಕ ಚೋಯ್ ಇನ್‌ಹುನ್ ಅಂಥ ಒಬ್ಬ ಕೈದಿಯನ್ನು ನಾಯಕನಾಗಿಟ್ಟು 1960ರಲ್ಲಿ ಬರೆದ ಕಾದಂಬರಿ ಆ ದೇಶದ ಸಾಹಿತ್ಯದಲ್ಲಿ ದೊಡ್ಡ ಹೆಸರು ಮಾಡಿತು. ಅವನನ್ನು ಹೊತ್ತ ಹಡಗಿನ ಹೆಸರು ಅದರಲ್ಲಿ ಟಾಗೋರ್. ಯಾವ ಸರ್ಕಾರಿ ಲೆಕ್ಕದಲ್ಲೂ ಬರೆಯಲಾಗದ ಜಮೆ ಇದು. ತಿಮ್ಮಯ್ಯನವರು ತಮ್ಮ ಕೊರಿಯಾ ನೆನಪುಗಳನ್ನು ಬರೆದಿಟ್ಟಿದ್ದರು; ಅವು ಪುಸ್ತಕವಾಗಿ ಹೊರಬಂದದ್ದು ಅವರು ತೀರಿಕೊಂಡು ಹದಿನೈದು ವರ್ಷಗಳಾದ ಮೇಲೆ, 1981ರಲ್ಲಿ.

ಕಾಂಗೋದಲ್ಲಿ ಖರ್ಚಿನ ಕಡೆ ಭಾರವಾಯಿತು. 1960ರಲ್ಲಿ ಬೆಲ್ಜಿಯಂನಿಂದ ಸ್ವತಂತ್ರವಾದ ಆ ದೇಶ ಕೆಲವೇ ದಿನಗಳಲ್ಲಿ ಒಡೆಯತೊಡಗಿತು. ತಾಮ್ರದ ಗಣಿಗಳಿದ್ದ ಕಟಾಂಗಾ ಪ್ರಾಂತ ಬೇರೆಯಾಗಿ ನಿಂತು ಬಾಡಿಗೆ ಸೈನಿಕರನ್ನು ಕರೆಸಿಕೊಂಡಿತು. 1961ರಲ್ಲಿ ಭಾರತ ಅಲ್ಲಿನ ವಿಶ್ವಸಂಸ್ಥೆಯ ಪಡೆಗೆ ಒಂದು ಪೂರ್ಣ ಬ್ರಿಗೇಡನ್ನೇ ಕಳಿಸಿತು, ಜೊತೆಗೆ ಆರು ಕ್ಯಾನ್‌ಬೆರಾ ಬಾಂಬರ್ ವಿಮಾನಗಳನ್ನು. ಆ ವರ್ಷದ ಡಿಸೆಂಬರ್ 5ರಂದು ಎಲಿಸಬೆತ್‌ವಿಲ್ ನಗರದ ವೃತ್ತವೊಂದರ ಬಳಿ ರಸ್ತೆ ತಡೆ ತೆರವು ಮಾಡಲು ಹೋದ ಗೂರ್ಖಾ ರೈಫಲ್ಸ್‌ನ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ, ಹದಿನಾರು ಜನರೊಂದಿಗೆ ತಮಗಿಂತ ಹಲವು ಪಟ್ಟು ದೊಡ್ಡ ಪಡೆಯ ಮೇಲೆ ಬಿದ್ದರು. ಕುತ್ತಿಗೆಗೆ ಗುಂಡು ತಗಲಿದರೂ ನಿಲ್ಲದೆ ಕಾದಿ ಅಲ್ಲೇ ಮಡಿದರು. ವಯಸ್ಸು 26. ವಿಶ್ವಸಂಸ್ಥೆಯ ಕೆಲಸದಲ್ಲಿ ಪರಮವೀರ ಚಕ್ರ ಪಡೆದ ಏಕೈಕ ಭಾರತೀಯ ಅವರು. ಕಾಂಗೋದಲ್ಲಿ ಸತ್ತ ಭಾರತೀಯರ ಸಂಖ್ಯೆ ನಲವತ್ತರ ಸಮೀಪ ಮುಟ್ಟಿತು.

ಮರುವರ್ಷ ಅಕ್ಟೋಬರಿನಲ್ಲಿ ಚೀನಾ ಹಿಮಾಲಯ ದಾಟಿ ಬಂದಾಗ ಆ ಬ್ರಿಗೇಡ್ ಇನ್ನೂ ಆಫ್ರಿಕದಲ್ಲೇ ಇತ್ತು. ಸ್ವಂತ ಮನೆಗೆ ಕಳ್ಳ ನುಗ್ಗಿದಾಗ ಕಾವಲುಗಾರ ಪಕ್ಕದ ಊರಿನಲ್ಲಿದ್ದ ಎಂಬ ಆಕ್ಷೇಪ ಆಗಲೇ ಎದ್ದಿತು, ಇಂದಿಗೂ ಕೇಳಿಬರುತ್ತದೆ. ಬಾಂಬರುಗಳನ್ನು ಅವಸರದಲ್ಲಿ ವಾಪಸು ಕರೆಸಲಾಯಿತು. ಆದರೆ ಆ ಯುದ್ಧದಲ್ಲಿ ಭಾರತ ತನ್ನ ವಾಯುಪಡೆಯನ್ನು ದಾಳಿಗೆ ಬಳಸಲೇ ಇಲ್ಲ. ಚಳಿಗೆ ತಕ್ಕ ಬಟ್ಟೆ, ರಸ್ತೆ, ಮದ್ದುಗುಂಡು ಇಲ್ಲದೆ ಸೋತ ಯುದ್ಧವನ್ನು ಒಂದು ಬ್ರಿಗೇಡ್ ಮರಳಿ ಬಂದು ಗೆಲ್ಲಿಸುತ್ತಿತ್ತೆಂದು ಹೇಳುವುದು ನ್ಯಾಯವಲ್ಲ. ಆಕ್ಷೇಪದೊಳಗಿನ ತಿರುಳು ಮಾತ್ರ ನಿಜ: ಹೊರಗೆ ಕಳಿಸಿದ ಪಡೆಯನ್ನು ಬೇಕೆಂದಾಗ ಬೇಕಾದಲ್ಲಿಗೆ ತರಲಾಗದು.

ಗಾಜಾದಲ್ಲಿ ಇನ್ನೊಂದು ಬಗೆಯ ಪೆಟ್ಟು ಬಿತ್ತು. 1956ರ ಸೂಯೆಜ್ ಬಿಕ್ಕಟ್ಟಿನ ನಂತರ ಈಜಿಪ್ಟ್ ಮತ್ತು ಇಸ್ರೇಲ್ ನಡುವೆ ನಿಂತ ಪಡೆಯಲ್ಲಿ ಭಾರತೀಯರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದರು. 1967ರ ಮೇ ತಿಂಗಳಲ್ಲಿ ಈಜಿಪ್ಟ್ ಪಡೆಯನ್ನು ತೆಗೆಯಿರಿ ಎಂದಿತು, ವಿಶ್ವಸಂಸ್ಥೆ ಒಪ್ಪಿತು. ಭಾರತೀಯರು ಇನ್ನೂ ಪೂರ್ತಿ ಹೊರಟಿರಲಿಲ್ಲ, ಜೂನ್ 5ರಂದು ಯುದ್ಧ ಶುರುವಾಯಿತು. ಇಸ್ರೇಲಿನ ದಾಳಿಗೆ ಸಿಕ್ಕಿ ಹತ್ತಕ್ಕೂ ಹೆಚ್ಚು ಭಾರತೀಯ ಸೈನಿಕರು ಸತ್ತರು. ಅವರು ಯಾರ ಶತ್ರುವೂ ಆಗಿರಲಿಲ್ಲ.

ಸೈಪ್ರಸ್ಸಿನಲ್ಲಿ ಭಾರತದ ತುಕಡಿಯೇ ಇರಲಿಲ್ಲ, ದಳಪತಿಗಳಿದ್ದರು. ಗ್ರೀಕ್ ಮತ್ತು ತುರ್ಕಿ ಸೈಪ್ರಸ್ಸಿಗರ ಜಗಳ ಹೊತ್ತಿಕೊಂಡ 1963ರ ಡಿಸೆಂಬರಿನಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬರು ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಊರಿನ ನಡುವಿನ ಆ ಹಸಿರು ಗೆರೆ ಇವತ್ತಿಗೂ ಅಳಿಸಿಲ್ಲ. 1964ರ ಮಾರ್ಚಿನಲ್ಲಿ ಹುಟ್ಟಿದ ವಿಶ್ವಸಂಸ್ಥೆಯ ಪಡೆಗೆ ಮೊದಲ ದಳಪತಿ ಭಾರತದ ಪಿ.ಎಸ್. ಗ್ಯಾನಿ. ಜುಲೈನಲ್ಲಿ ಅವರ ಜಾಗಕ್ಕೆ ಬಂದವರು, ಸೇನಾ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾಗಿದ್ದ ತಿಮ್ಮಯ್ಯ. ಬಂದ ತಿಂಗಳಿಗೆ ತುರ್ಕಿಯ ವಿಮಾನಗಳು ಕೊಕ್ಕಿನಾ ಹಳ್ಳಿಯ ಸುತ್ತ ಬಾಂಬು ಹಾಕಿದವು. ಬ್ರಿಟಿಷರು, ಕೆನಡಾದವರು, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್, ಐರ್ಲೆಂಡಿನವರು ಕೂಡಿದ ಪಡೆಯನ್ನು ಕೊಡಗಿನವರೊಬ್ಬರು ನಡೆಸಿದರು. ವಸಾಹತಿನ ಸೇನೆಯಲ್ಲಿ ಬ್ರಿಟಿಷರ ಕೈಕೆಳಗೆ ದುಡಿದವರು ಇಪ್ಪತ್ತೇ ವರ್ಷದೊಳಗೆ ಬ್ರಿಟಿಷ್ ತುಕಡಿಗಳಿಗೆ ಆಜ್ಞೆ ಕೊಟ್ಟರು. ಹೊಸದಾಗಿ ಸ್ವತಂತ್ರವಾದ ದೇಶವೊಂದಕ್ಕೆ ಇದರ ಬೆಲೆ ಏನೆಂದು ರೂಪಾಯಿಯಲ್ಲಿ ಹೇಳಲಾಗದು. 1965ರ ಡಿಸೆಂಬರ್ 18ರಂದು ತಿಮ್ಮಯ್ಯ ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಲಾರ್ನಕಾ ಪಟ್ಟಣದಲ್ಲಿ ಅವರ ಹೆಸರಿನ ರಸ್ತೆ ಇದೆ. ಮಡಿಕೇರಿಯಲ್ಲಿ ಅವರು ಹುಟ್ಟಿ ಬೆಳೆದ ಸನ್ನಿ ಸೈಡ್ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅವರು ನಡೆಸಿದ ಪಡೆ ಅರವತ್ತು ವರ್ಷ ದಾಟಿದರೂ ಸೈಪ್ರಸ್ಸಿನಿಂದ ಹೊರಟಿಲ್ಲ. ಕೊಲೆಗಳು ನಿಂತವು, ಜಗಳ ಮುಗಿಯಲಿಲ್ಲ. ಕಾವಲುಗಾರರು ನಿಂತಿರುವಾಗ ರಾಜಿಗೆ ಅವಸರವೇಕೆ ಎಂದು ಎರಡೂ ಕಡೆಯ ನಾಯಕರಿಗೆ ಅನ್ನಿಸುವುದು ಈ ಕೆಲಸಕ್ಕೆ ಅಂಟಿಕೊಂಡೇ ಬಂದ ದೋಷ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಸೈನಿಕನ ಸಂಬಳವನ್ನು ಅವನ ಸರ್ಕಾರವೇ ಕೊಡುತ್ತದೆ. ವಿಶ್ವಸಂಸ್ಥೆ ತಲೆಗೆ ಇಷ್ಟು ಎಂದು ಸರ್ಕಾರಕ್ಕೆ ತುಂಬಿಕೊಡುತ್ತದೆ. 2018ರ ಜುಲೈಯಿಂದ ಈ ದರ ತಿಂಗಳಿಗೆ 1,428 ಡಾಲರ್ ಇತ್ತು, 2022ರಲ್ಲಿ ಸ್ವಲ್ಪ ಏರಿತು. ವಾಹನ, ಶಸ್ತ್ರ, ಡೇರೆಗಳಿಗೆ ಬೇರೆ ಬಾಡಿಗೆ. ಎಲ್ಲ ದೇಶಕ್ಕೂ ಒಂದೇ ದರ. ನಾರ್ವೆಯ ಸಿಪಾಯಿಯ ಸಂಬಳದ ಮುಂದೆ ಅದು ಏನೂ ಅಲ್ಲ, ನೇಪಾಳ, ಬಾಂಗ್ಲಾದೇಶ, ರುವಾಂಡಾಗಳಿಗೆ ಒಳ್ಳೆಯ ಆದಾಯ. ಶ್ರೀಮಂತ ದೇಶಗಳು ಬರಬರುತ್ತ ಸೈನಿಕರನ್ನು ಕಳಿಸುವುದನ್ನು ಬಿಟ್ಟು ಹಣ ಕೊಡುವುದಕ್ಕೆ ನಿಂತದ್ದಕ್ಕೆ ಇದೂ ಒಂದು ಕಾರಣ. ಶಾಂತಿಪಾಲನೆಯ ಬಜೆಟ್ಟಿನ ಕಾಲು ಭಾಗಕ್ಕೂ ಹೆಚ್ಚು ಅಮೆರಿಕದ ಪಾಲಿಗೆ ಬರುತ್ತದೆ, ಕಾವಲಿನ ನೆಲಗಳಲ್ಲಿ ಕಾಣುವ ಮುಖಗಳು ದಕ್ಷಿಣ ಏಷ್ಯಾ ಮತ್ತು ಆಫ್ರಿಕದವು. ಭಾರತಕ್ಕೆ ಈ ಹಣ ಖರ್ಚು ಸರಿದೂಗಿಸುವಷ್ಟು, ಅದೂ ತಡವಾಗಿ. ಸಿಪಾಯಿಯ ಮನೆಯ ಲೆಕ್ಕ ಬೇರೆ. ಮಿಷನ್‌ಗೆ ಆಯ್ಕೆಯಾದ ಎಂದರೆ ಒಂದು ವರ್ಷದ ವಿದೇಶ ಭತ್ಯೆಯಲ್ಲಿ ಸಾಲ ತೀರಿತು, ಮನೆಗೆ ತಾರಸಿ ಬಂತು ಎಂದು ಊರಿನಲ್ಲಿ ಲೆಕ್ಕ. ಅದನ್ನು ಸಣ್ಣ ಲಾಭವೆನ್ನಲಾಗದು.

ಸಿಯೆರಾ ಲಿಯೋನ್‌ನ ಅನುಭವ ಈ ವ್ಯವಸ್ಥೆಯ ಒಳಬಿರುಕುಗಳನ್ನು ತೆರೆದಿಟ್ಟಿತು. 2000ದ ಮೇ ತಿಂಗಳಲ್ಲಿ ಅಲ್ಲಿನ ಬಂಡುಕೋರರು ವಿಶ್ವಸಂಸ್ಥೆಯ ಸುಮಾರು ಐನೂರು ಸೈನಿಕರನ್ನು ಒತ್ತೆ ಇಟ್ಟುಕೊಂಡರು. ಪೂರ್ವದ ಕೈಲಾಹುನ್‌ನಲ್ಲಿ ಭಾರತದ ಎರಡು ಕಂಪನಿಗಳು, ಇನ್ನೂರಕ್ಕೂ ಹೆಚ್ಚು ಮಂದಿ, ಮುತ್ತಿಗೆಯೊಳಗೆ ಸಿಕ್ಕಿಕೊಂಡವು. ಶಸ್ತ್ರ ಒಪ್ಪಿಸಿ, ಬಿಟ್ಟುಬಿಡುತ್ತೇವೆ ಎಂಬ ಮಾತಿಗೆ ಅವರು ಸೊಪ್ಪು ಹಾಕಲಿಲ್ಲ. ಸುತ್ತ ದಟ್ಟ ಕಾಡು, ಸುರಿವ ಮಳೆ, ಕರಗುತ್ತ ಬಂದ ರೇಷನ್. ಎಪ್ಪತ್ತೈದು ದಿನ ಹೀಗೇ ಕಳೆದವು. ಸಂಧಾನಗಳು ಬರಿಗೈಯಲ್ಲಿ ಮುಗಿದ ಮೇಲೆ, ಜುಲೈ ಮಧ್ಯದಲ್ಲಿ ಪಡೆಯ ದಳಪತಿ ಮೇಜರ್ ಜನರಲ್ ವಿ.ಕೆ. ಜೇಟ್ಲಿ ಅವರ ಯೋಜನೆಯಂತೆ ಆಪರೇಷನ್ ಖುಕ್ರಿ ನಡೆಯಿತು. ಬ್ರಿಟಿಷ್ ಚಿನೂಕ್‌ಗಳು, ಭಾರತದ ದಾಳಿ ಹೆಲಿಕಾಪ್ಟರುಗಳು, ಘಾನಾ ಮತ್ತು ನೈಜೀರಿಯಾದ ಪಡೆಗಳು ಕೈಜೋಡಿಸಿದವು. ಮುತ್ತಿಗೆ ಒಡೆದು ಎಲ್ಲರೂ ದಾರು ಪಟ್ಟಣ ತಲುಪಿದರು. ಮಡಿದವರು ಒಬ್ಬರು, ಹವಾಲ್ದಾರ್ ಕೃಷ್ಣಕುಮಾರ್.

ಅಷ್ಟು ದೊಡ್ಡ ಯಶಸ್ಸಿನ ಬೆನ್ನಿಗೇ ಭಾರತ ಅಲ್ಲಿಂದ ಕಾಲ್ತೆಗೆಯಿತು. ವಜ್ರದ ವ್ಯವಹಾರದಲ್ಲಿ ನೈಜೀರಿಯಾದ ಅಧಿಕಾರಿಗಳ ಕೈ ಇದೆ ಎಂದು ಜೇಟ್ಲಿ ಬರೆದಿದ್ದ ಆಂತರಿಕ ಟಿಪ್ಪಣಿ ಬಯಲಾಯಿತು, ನೈಜೀರಿಯಾ ಸಿಟ್ಟಾಗಿ ಆರೋಪವನ್ನು ತಳ್ಳಿಹಾಕಿತು. ಸೆಪ್ಟೆಂಬರಿನಲ್ಲಿ ಭಾರತ ತನ್ನ ಮೂರು ಸಾವಿರ ಸೈನಿಕರನ್ನು ಹಿಂತೆಗೆಯುವುದಾಗಿ ಹೇಳಿತು. ಬಹುರಾಷ್ಟ್ರೀಯ ಪಡೆ ಎಂಬ ಮಾತಿನಲ್ಲೇ ಈ ತೊಡಕು ಇದೆ. ದಳಪತಿಯ ಆಜ್ಞೆಗೆ ಮೊದಲು ಪ್ರತಿ ತುಕಡಿಯೂ ತನ್ನ ರಾಜಧಾನಿಗೆ ಫೋನು ಮಾಡುತ್ತದೆ.

ಕಾವಲು ಮಾತ್ರ ಸಾಲದು, ನಾಗರಿಕರನ್ನೂ ಕಾಪಾಡಬೇಕು ಎಂಬ ಮಾತು ಭದ್ರತಾ ಮಂಡಳಿಯ ಆದೇಶದಲ್ಲಿ ಮೊದಲು ಸ್ಪಷ್ಟವಾಗಿ ಸೇರಿದ್ದೂ ಸಿಯೆರಾ ಲಿಯೋನ್‌ಗೇ, 1999ರಲ್ಲಿ. ಒಳ್ಳೆಯ ಮಾತು, ಆದರೆ ಅದನ್ನು ನಡೆಸಿಕೊಡುವ ಭಾರ ದೂರದ ಶಿಬಿರಗಳ ಹುಡುಗರ ಮೇಲೆ ಬೀಳುತ್ತದೆ. ದಕ್ಷಿಣ ಸುಡಾನಿನ ಅಕೋಬೊದಲ್ಲಿ 2013ರ ಡಿಸೆಂಬರ್ 19ರಂದು ನಲವತ್ತಮೂರು ಭಾರತೀಯರಿದ್ದ ನೆಲೆಗೆ ಡಿಂಕಾ ಬುಡಕಟ್ಟಿನ ಮೂವತ್ತಕ್ಕೂ ಹೆಚ್ಚು ಜನ ಜೀವ ಹಿಡಿದುಕೊಂಡು ಓಡಿಬಂದರು. ಅವರನ್ನು ಒಪ್ಪಿಸಿ ಎಂದು ಎದುರಾಳಿ ನುಎರ್ ಬುಡಕಟ್ಟಿನ ಸುಮಾರು ಎರಡು ಸಾವಿರ ಯುವಕರು ಸುತ್ತುವರಿದರು. ಆಸರೆ ಕೇಳಿ ಬಂದವರನ್ನು ಭಾರತೀಯರು ಒಪ್ಪಿಸಲಿಲ್ಲ. ನುಗ್ಗಿದ ಗುಂಪು ಇಬ್ಬರು ಭಾರತೀಯ ಸೈನಿಕರನ್ನೂ ಆಶ್ರಯ ಪಡೆದವರಲ್ಲಿ ಹಲವರನ್ನೂ ಕೊಂದಿತು. ಅದೇ ವರ್ಷದ ಏಪ್ರಿಲಿನಲ್ಲಿ ಅಕೋಬೊ ಇರುವ ಜೋಂಗ್ಲೈ ರಾಜ್ಯದಲ್ಲೇ ಹೊಂಚುದಾಳಿಗೆ ಒಬ್ಬ ಲೆಫ್ಟಿನೆಂಟ್ ಕರ್ನಲ್ ಸೇರಿ ಐವರು ಭಾರತೀಯರು ಬಲಿಯಾಗಿದ್ದರು. ಇದುವರೆಗೆ ಐವತ್ತರಷ್ಟು ಕಾರ್ಯಾಚರಣೆಗಳಿಗೆ ಹೋದ 2.9 ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ಮಡಿದವರು 180ರಷ್ಟು, ಬೇರಾವ ದೇಶಕ್ಕಿಂತಲೂ ಹೆಚ್ಚು.

ಗುಂಡಿನ ಸದ್ದಿಲ್ಲದ ಗಳಿಕೆಗಳೂ ಇವೆ. ದಕ್ಷಿಣ ಸುಡಾನಿನ ಡಿಂಕಾ, ನುಎರ್ ಜನರಿಗೆ ದನವೇ ಆಸ್ತಿ, ಅದೇ ವಧುದಕ್ಷಿಣೆ, ಜಗಳದ ಮೂಲವೂ ಹಲವು ಸಲ ಅದೇ. ಮಲಕಾಲ್ ಮತ್ತು ಬೋರ್‌ಗಳಲ್ಲಿ ಭಾರತೀಯ ಸೇನೆಯ ಪಶುವೈದ್ಯರು ಆ ದನಗಳಿಗೆ ಲಸಿಕೆ ಹಾಕಿದರು, ಗಾಯ ಹೊಲಿದರು, ಊರ ಹುಡುಗರಿಗೆ ಆ ಕೆಲಸ ಕಲಿಸಿದರು. ಬಂದೂಕು ಹಿಡಿದವರನ್ನು ಒಳಗೆ ಬಿಡದ ಹಟ್ಟಿಗಳಲ್ಲಿ ಕರುವಿನ ಬೇನೆ ನೋಡಲು ಬಂದವನಿಗೆ ಜಾಗ ಸಿಕ್ಕಿತು. ಲೈಬೀರಿಯಾಕ್ಕೆ 2007ರಲ್ಲಿ ಹೋದ ಸಿಆರ್‌ಪಿಎಫ್ ತುಕಡಿ ವಿಶ್ವಸಂಸ್ಥೆಯ ಇತಿಹಾಸದಲ್ಲೇ ಮೊದಲ ಪೂರ್ಣ ಮಹಿಳಾ ಪೊಲೀಸ್ ದಳ. ಒಂಬತ್ತು ವರ್ಷ ಅದು ಮನ್ರೋವಿಯಾದ ಬೀದಿಗಳಲ್ಲಿ ಗಸ್ತು ತಿರುಗಿತು. ಅಂತರ್ಯುದ್ಧದಲ್ಲಿ ಅತ್ಯಾಚಾರವೇ ಆಯುಧವಾದುದನ್ನು ಕಂಡಿದ್ದ ಹೆಂಗಸರು ಠಾಣೆಯ ಮೆಟ್ಟಿಲು ಹತ್ತಲು ಅವರಿಂದ ಧೈರ್ಯ ಬಂತು, ಲೈಬೀರಿಯಾದ ಹುಡುಗಿಯರು ಪೊಲೀಸ್ ಸೇರಲು ಮುಂದಾದರು.

ಕಾಪಾಡಲು ಹೋದವರೇ ಕೆಡುಕು ಮಾಡಿದ ಪ್ರಸಂಗಗಳನ್ನು ಮುಚ್ಚಿಡಬಾರದು. ಕಾಂಗೋದ ಈಚಿನ ಕಾರ್ಯಾಚರಣೆಯಲ್ಲಿ ಹಲವು ದೇಶಗಳ ಸೈನಿಕರ ಮೇಲೆ ಲೈಂಗಿಕ ಶೋಷಣೆಯ ಆರೋಪ ಬಂತು. ಭಾರತದ ಒಂದು ತುಕಡಿಯ ಮೇಲೂ ಬಂದು ಸೇನೆ ವಿಚಾರಣೆ ನಡೆಸಿತು. ಹೈಟಿಯಲ್ಲಿ 2010ರಲ್ಲಿ ಶಾಂತಿಪಾಲಕರ ಶಿಬಿರದ ಕೊಳಕು ನೀರು ನದಿ ಸೇರಿ ಹಬ್ಬಿದ ಕಾಲರಾ ಸಾವಿರಾರು ಜನರನ್ನು ಕೊಂದಿತು. ವಿಶ್ವಸಂಸ್ಥೆ ಕ್ಷಮೆ ಕೇಳಲು ಆರು ವರ್ಷ ತೆಗೆದುಕೊಂಡಿತು. ಒಬ್ಬ ಸೈನಿಕನ ತಪ್ಪಿಗೆ ಸಾವಿರ ಸೈನಿಕರು ಗಳಿಸಿದ ನಂಬಿಕೆ ಒಂದೇ ದಿನದಲ್ಲಿ ಕರಗುತ್ತದೆ.

ರಾಜತಾಂತ್ರಿಕ ಲಾಭದ ಮಾತು ಹೆಚ್ಚು ಕೇಳಿಬರುತ್ತದೆ. ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನ ಕೇಳುವಾಗ ಭಾರತ ಈ ಎಪ್ಪತ್ತು ವರ್ಷಗಳ ಸೇವೆಯನ್ನು ಮುಂದಿಡುತ್ತದೆ. ಸ್ಥಾನ ಸಿಕ್ಕಿಲ್ಲ. ಐದು ದೊಡ್ಡ ರಾಷ್ಟ್ರಗಳ ಹಟ ರಕ್ತದ ಲೆಕ್ಕಕ್ಕೆ ಬಗ್ಗುವಂಥದಲ್ಲ. ಇದಕ್ಕಿಂತ ನ್ಯಾಯವಾದ, ಸುಲಭವಾಗಿ ಸಿಗಬೇಕಾದ ಬೇಡಿಕೆ ಇನ್ನೊಂದಿದೆ. ಸೈನಿಕರನ್ನು ಕೊಟ್ಟ ದೇಶವನ್ನು ಆ ಸೈನಿಕರ ಬಳಕೆಯ ನಿರ್ಧಾರದಲ್ಲಿ ಸೇರಿಸಿಕೊಳ್ಳಬೇಕೆಂದು ವಿಶ್ವಸಂಸ್ಥೆಯ ಸನ್ನದಿನ 44ನೇ ವಿಧಿಯೇ ಹೇಳುತ್ತದೆ. ಭಾರತ ಅದನ್ನು ಮತ್ತೆ ಮತ್ತೆ ನೆನಪಿಸಿದೆ. 2013ರಲ್ಲಿ ಕಾಂಗೋ ಪಡೆಯೊಳಗೆ ಬಂಡುಕೋರರನ್ನು ಬೇಟೆಯಾಡುವ ಪ್ರತ್ಯೇಕ ಬ್ರಿಗೇಡ್ ಸೇರಿದಾಗ, ವಿಶ್ವಸಂಸ್ಥೆಯ ಒಂದೇ ನೀಲಿ ಟೋಪಿಯ ಕೆಳಗೆ ಕಾವಲನ್ನೂ ಯುದ್ಧವನ್ನೂ ಬೆರೆಸಿದರೆ ಕಾವಲಿನವರೇ ಗುರಿಯಾಗುತ್ತಾರೆಂದು ಭಾರತ ಎಚ್ಚರಿಸಿತು. 2022ರ ಜುಲೈನಲ್ಲಿ ಅಲ್ಲಿನ ಬುಟೆಂಬೊದಲ್ಲಿ ಸಿಟ್ಟಿಗೆದ್ದ ಜನಜಂಗುಳಿ ಗಡಿ ಭದ್ರತಾ ಪಡೆಯ ಇಬ್ಬರನ್ನು ಕೊಂದಿತು. ಆದೇಶ ಬರೆಯುವ ಮೇಜು ನ್ಯೂಯಾರ್ಕಿನಲ್ಲಿದೆ, ಆ ಮೇಜಿನ ಸುತ್ತ ಕೂರುವವರ ಮಕ್ಕಳು ಬುಟೆಂಬೊದಲ್ಲಿ ಇಲ್ಲ. ಶಾಂತಿಪಾಲನೆಯ ಲಾಭ ನಷ್ಟಗಳಲ್ಲಿ ಇದೇ ದೊಡ್ಡ ಅನ್ಯಾಯ. ಹೋಗಲೇಬಾರದು ಎನ್ನುವುದಕ್ಕಲ್ಲ, ಹೋಗುವ ಮೊದಲು ಆ ಮೇಜಿನಲ್ಲಿ ಜಾಗ ಕೇಳಬೇಕು ಎನ್ನುವುದಕ್ಕೆ ಇದು ಕಾರಣ.

2025ರಲ್ಲಿ ಹಣದ ಕೊರತೆಯಿಂದ ವಿಶ್ವಸಂಸ್ಥೆ ತನ್ನ ಶಾಂತಿಪಾಲಕರಲ್ಲಿ ಕಾಲು ಭಾಗದಷ್ಟನ್ನು ಕಡಿತಗೊಳಿಸಲು ಹೊರಟಿತು. ಅದೇ ವರ್ಷದ ಆಗಸ್ಟಿನಲ್ಲಿ ಭದ್ರತಾ ಮಂಡಳಿ ಲೆಬನಾನ್ ಪಡೆಯನ್ನು 2026ರ ಕೊನೆಗೆ ಮುಗಿಸುವ ನಿರ್ಣಯ ಮಾಡಿತು. ಅಲ್ಲಿ 1998ರಿಂದ ಭಾರತದ ಬೆಟಾಲಿಯನ್ ಇದೆ, ಅದರ ಪಶುವೈದ್ಯರು ದಕ್ಷಿಣದ ಹಳ್ಳಿಗಳ ಆಡು, ಕುರಿ, ದನಗಳಿಗೆ ಮದ್ದು ಕೊಡುತ್ತ ಬಂದಿದ್ದಾರೆ.